ಕಾಲುಕುಣಿಕೆ ಉದ್ದ ಆಗ್ತಾ ಹೋಗುತ್ತಿದೆಯಾ? ತಪ್ಪು ಯಾವ ಗಂಟಿನದು ಅಂತ ಹುಡುಕುವ ಬಗೆ

ಹೋದ ವರ್ಷ ಮಳೆ ಹಿಡಿಯುವ ಮುಂಚೆ ನಮ್ಮ ತೋಟದಲ್ಲಿ ಮರಗಸಿ, ಅಂದರೆ ನೆರಳಿನ ಮರಗಳ ರೆಂಬೆ ಸವರುವ ಕೆಲಸ, ನಡೆಯುತ್ತಿತ್ತು. ಕಾಫಿ ಗಿಡಗಳ ನಡುವೆ ಒಂದು ನಂದಿ ಮರ. ಮೂವತ್ತು ಅಡಿ ತನಕ ಒಂದು ರೆಂಬೆಯೂ ಇಲ್ಲ, ತೊಗಟೆ ನುಣ್ಣಗೆ, ಏಣಿ ಸಾಲದು. ಹಗ್ಗದ ಮೇಲೆ ಹತ್ತುತ್ತಿದ್ದೆ. ಮೊದಲ ಹತ್ತು ಹೆಜ್ಜೆ ಚೆನ್ನಾಗಿಯೇ ಹೋಯಿತು. ಆಮೇಲೆ ನೋಡಿದರೆ ಎದ್ದು ನಿಂತರೂ ಮೇಲಿನ ಗಂಟು ಕೈಗೆ ದೂರವಾಗಿಯೇ ಇದೆ. ಅರವತ್ತು ಹೆಜ್ಜೆ ಆಗುವಷ್ಟರಲ್ಲಿ ಕಾಲು ಪೂರ್ತಿ ನೀಟಾಗಿ ಚಾಚಿದರೂ ಮೇಲೇಳಲು ಆಗುತ್ತಿಲ್ಲ. ಕಾಲು ಇಟ್ಟಿದ್ದ ಕುಣಿಕೆ ಒಂದು ಗೇಣು ಉದ್ದವಾಗಿತ್ತು.

ಕೆಳಗೆ ನಿಂತಿದ್ದ ಭಾವನನ್ನು ಕೂಗಿದೆ. "ಭಾವ, ನೀವು ಹಾಕಿದ ಗಂಟು ಸರಿ ಇದೆಯಾ?"

"ಗಂಟು ಸರಿ ಇದೆ ಮಾರಾಯ, ನೀನೇ ಸ್ವಲ್ಪ ಜಾಸ್ತಿ ದಪ್ಪ ಆಗಿದ್ದೀಯ."

ಅದು ದಪ್ಪದ ಸಮಸ್ಯೆ ಅಲ್ಲ ಅಂತ ಗೊತ್ತಾಗಲು ಎರಡು ದಿನ ಬೇಕಾಯಿತು. ಆ ಎರಡು ದಿನದಲ್ಲಿ ಮಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹಗ್ಗ, ಸೊಂಟದ ಪಟ್ಟಿ ಹಾಕಿಕೊಂಡು ಮರ ಹತ್ತುವವರಿಗೆ, ಅದರಲ್ಲೂ ಉದ್ದ ಹೆಚ್ಚು ಕಡಿಮೆ ಮಾಡಬಹುದಾದ ಕಾಲುಕುಣಿಕೆ ಕಟ್ಟಿಕೊಂಡವರಿಗೆ ಇದು. ಅಡಿಕೆ ಮರ ಹತ್ತುವ ಕೊನೆಗಾರರ ತಳೆ ಬೇರೆ ವಿಷಯ. ತಳೆ ಮರವನ್ನೇ ಒತ್ತಿ ಹಿಡಿಯುತ್ತದೆ, ಎರಡೂ ಕಾಲು ಒಂದರಲ್ಲೇ ಇರುತ್ತದೆ, ಒಂದು ಸಲ ಕಾಲಿಗೆ ಹೊಂದಿಸಿಕೊಂಡರೆ ಮುಗಿಯಿತು. ಇಲ್ಲಿ ಕುಣಿಕೆ ಮರ ಮುಟ್ಟುವುದೇ ಇಲ್ಲ, ಹಗ್ಗಕ್ಕೆ ನೇತಾಡುತ್ತದೆ.

ಮೊದಲು ಯಾವುದು ಯಾವುದು ಅಂತ ಹೆಸರಿಟ್ಟುಕೊಳ್ಳಿ

ಮರದ ಗಟ್ಟಿ ಕವಲಿನಿಂದ ಇಳಿಬಿಟ್ಟದ್ದು ಮುಖ್ಯ ಹಗ್ಗ. ಅದರ ಮೇಲೆ ಎರಡು ಗಂಟು. ಮೇಲಿನದು ಸೊಂಟದ ಪಟ್ಟಿಗೆ ಸೇರಿದ್ದು, ನಿಮ್ಮ ಜೀವ ಅದರ ಮೇಲಿದೆ. ಕೆಳಗಿನದು ಕಾಲುಕುಣಿಕೆಯದು. ಪಟ್ಟಿಯಲ್ಲಿ ಕೂತು ಕೆಳಗಿನ ಗಂಟನ್ನು ಮೇಲೆ ಸರಿಸುತ್ತೀರಿ, ಕುಣಿಕೆಯಲ್ಲಿ ಎದ್ದು ನಿಲ್ಲುತ್ತೀರಿ, ಮೇಲಿನ ಗಂಟನ್ನು ಸರಿಸುತ್ತೀರಿ, ಮತ್ತೆ ಕೂರುತ್ತೀರಿ. ಇಷ್ಟೇ ಕೆಲಸ, ಅರವತ್ತು ಸಲ.

ಕಾಲುಕುಣಿಕೆಯೊಂದರಲ್ಲೇ ಮೂರು ಗಂಟು ಇರುತ್ತವೆ. ಮುಖ್ಯ ಹಗ್ಗವನ್ನು ಕಚ್ಚಿ ಹಿಡಿಯುವುದಕ್ಕೆ ನಾನು ಹಿಡಿಗಂಟು ಅನ್ನುತ್ತೇನೆ. ಉದ್ದ ಸರಿಮಾಡುವುದು ಅಳತೆಗಂಟು. ಕಾಲು ತೂರಿಸುವುದು ಪಾದದ ಗಂಟು. "ಕುಣಿಕೆ ಜಾರುತ್ತದೆ" ಅಂತ ಸುಮ್ನೆ ಹೇಳಿದರೆ ಯಾವುದು ಜಾರಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ನಾನೂ ಮೊದಲ ದಿನ ಪೂರ್ತಿ ಹಿಡಿಗಂಟನ್ನೇ ಬೈದುಕೊಂಡು ಮೂರು ಸಲ ಬಿಚ್ಚಿ ಕಟ್ಟಿದ್ದೆ. ಅದರದ್ದೇನೂ ತಪ್ಪಿರಲಿಲ್ಲ.

ಇನ್ನೊಂದು ಮಾತು. ಇಲ್ಲಿರುವ ಪರೀಕ್ಷೆ ಎಲ್ಲವನ್ನೂ ನೆಲದಿಂದ ಒಂದು ಅಡಿ ಎತ್ತರದಲ್ಲಿ ಮಾಡಿ. ಮೇಲೆ ಹೋಗಿ ಪರೀಕ್ಷೆ ಮಾಡುವುದು ಬೇಡ. ಕಾಲುಕುಣಿಕೆಯನ್ನೇ ನಂಬಿ, ಸೊಂಟದ ಪಟ್ಟಿ ಇಲ್ಲದೆ ಹತ್ತುವವರು ಇದನ್ನು ಓದುತ್ತಿದ್ದರೆ ಮೊದಲು ಪಟ್ಟಿ ತಗೊಳ್ಳಿ.

ಗೆರೆ ಹಾಕಿ ನೋಡಿ

ಮಾರ್ಕರ್ ಪೆನ್ ತಗೊಳ್ಳಿ. ಇಲ್ಲದಿದ್ದರೆ ಬಣ್ಣದ ಟೇಪ್ ಸಾಕು. ಕುಣಿಕೆಯಲ್ಲಿ ಒಂದು ಸಲ ಪೂರ್ತಿ ಭಾರ ಬಿಟ್ಟು ಗಂಟುಗಳೆಲ್ಲ ಬಿಗಿಯಾಗಲಿ. ಆಮೇಲೆ ಮೂರು ಕಡೆ ಗೆರೆ. ಒಂದು, ಹಿಡಿಗಂಟಿನ ಕೆಳ ಅಂಚಿಗೆ ತಾಗಿಕೊಂಡು ಮುಖ್ಯ ಹಗ್ಗದ ಮೇಲೆ. ಎರಡು, ಅಳತೆಗಂಟಿನಿಂದ ಹೊರಬಂದ ಬಾಲದ (ಗಂಟು ಹಾಕಿ ಉಳಿದ ತುದಿಯ) ಮೇಲೆ, ಗಂಟಿಗೆ ಅಂಟಿಕೊಂಡಂತೆ. ಮೂರು, ಪಾದದ ಗಂಟಿನ ಬಾಲದ ಮೇಲೆ, ಅದೇ ರೀತಿ.

ಈಗ ಇಪ್ಪತ್ತು ಸಲ ಹತ್ತಿ ಇಳಿಯಿರಿ. ಸುಮ್ಮನೆ ನಿಂತುಕೊಳ್ಳುವುದಲ್ಲ. ಪ್ರತಿ ಸಲವೂ ಪೂರ್ತಿ ಭಾರ ಹಾಕಿ, ಪೂರ್ತಿ ಭಾರ ತೆಗೆದು, ಕಾಲಿನಿಂದ ಕುಣಿಕೆಯನ್ನು ಸ್ವಲ್ಪ ಅಲ್ಲಾಡಿಸಿ, ಮತ್ತೆ ಭಾರ ಹಾಕಿ. ಅಲ್ಲಾಡಿಸುವುದನ್ನು ಬಿಟ್ಟರೆ ಪರೀಕ್ಷೆ ಪಾಸಾಗಿಬಿಡುತ್ತದೆ, ಮರದ ಮೇಲೆ ಫೇಲಾಗುತ್ತದೆ. ಮೊದಲ ದಿನ ನಮಗೆ ಆಗಿದ್ದು ಅದೇ. ಭಾವ ಕುಣಿಕೆಯಲ್ಲಿ ಐದು ನಿಮಿಷ ಕದಲದೆ ನಿಂತು ತೋರಿಸಿದರು, ಬೀಡಿ ಕೂಡ ಹಚ್ಚಿದರು. ಒಂದು ನೂಲೂ ಜಾರಲಿಲ್ಲ.

ಇಪ್ಪತ್ತು ಆದಮೇಲೆ ಗೆರೆ ನೋಡಿ. ಯಾವ ಗೆರೆ ಜಾಗ ಬಿಟ್ಟಿದೆಯೋ ಆ ಗಂಟನ್ನು ಹಿಡಿದುಕೊಂಡು ಮುಂದೆ ಓದಿ.

ಮುಖ್ಯ ಹಗ್ಗದ ಗೆರೆ ಕಾಣಿಸದೆ ಗಂಟು ಅದರ ಮೇಲೆ ಬಂದಿದ್ದರೆ

ಅಂದರೆ ಹಿಡಿಗಂಟು ಕೆಳಗೆ ಜಾರಿದೆ. ಹೆಚ್ಚಿನವರು ಇಲ್ಲಿ ಪ್ರುಸಿಕ್ ಕಟ್ಟುತ್ತಾರೆ. ಕಾರ್ಲ್ ಪ್ರುಸಿಕ್ ಅನ್ನುವ ಆಸ್ಟ್ರಿಯಾದ ಪರ್ವತಾರೋಹಿ 1931ರಲ್ಲಿ ಬಳಕೆಗೆ ತಂದ ಗಂಟು ಇದು. ಸಣ್ಣ ಹಗ್ಗದ ಬಳೆಯನ್ನು ಮುಖ್ಯ ಹಗ್ಗಕ್ಕೆ ಮೂರು ಸಲ ಒಳಗಿಂದ ಒಳಗೆ ಸುತ್ತಿ ಎಳೆಯುವುದು. ಭಾರ ಬಿದ್ದಾಗ ಹಿಡಿಯುತ್ತದೆ, ಭಾರ ತೆಗೆದಾಗ ಸರಿಯುತ್ತದೆ.

ಸುತ್ತುಗಳನ್ನು ಬೆರಳಿನಿಂದ ಸವರಿ ನೋಡಿ. ಮೂರು ಸುತ್ತಿನ ಪ್ರುಸಿಕ್‌ನಲ್ಲಿ ಮೇಲೆ ಮೂರು, ಕೆಳಗೆ ಮೂರು ಎಳೆ, ಅಕ್ಕಪಕ್ಕ ಮಲಗಿರಬೇಕು. ಒಂದು ಎಳೆ ಇನ್ನೊಂದರ ಮೇಲೆ ಹತ್ತಿದ್ದರೆ ಉಳಿದ ಎಳೆಗಳು ಸಡಿಲವಾಗೇ ಇರುತ್ತವೆ, ಹಿಡಿತ ಅರ್ಧ ಹೋಯಿತು ಅಂತಲೇ ಲೆಕ್ಕ. ಜಾರುವ ಪ್ರುಸಿಕ್‌ಗಳಲ್ಲಿ ಹೆಚ್ಚಿನದಕ್ಕೆ ಇದೇ ಕಾರಣ ಅಂತ ನನ್ನ ಅಂದಾಜು. ಕಟ್ಟಿದವರು ಒಪ್ಪುವುದಿಲ್ಲ, ಆದರೂ.

ಎಳೆ ಸರಿ ಇದ್ದರೆ ದಪ್ಪ ನೋಡಿ. ಪ್ರುಸಿಕ್ ಹಗ್ಗ ಮುಖ್ಯ ಹಗ್ಗಕ್ಕಿಂತ ತೆಳ್ಳಗಿರಲೇಬೇಕು. 11 ಮಿ.ಮೀ. ಹಗ್ಗಕ್ಕೆ 7 ಅಥವಾ 8 ಮಿ.ಮೀ. ಸರಿಹೊಂದುತ್ತದೆ. 10ರದ್ದು ಹಾಕಿದರೆ ಕಚ್ಚುವುದೇ ಇಲ್ಲ. 5ರದ್ದು ಹಾಕಿದರೆ ಕಚ್ಚಿದ್ದು ಬಿಡುವುದಿಲ್ಲ. ಮನೆಯಲ್ಲಿ ಒಂದೇ ದಪ್ಪದ ಹಗ್ಗ ಮಾತ್ರ ಇದೆ, ಇನ್ನೊಂದು ತರಲು ಪೇಟೆಗೆ ಹೋಗಬೇಕು ಅನ್ನುವವರು ಬ್ಲೇಕ್ಸ್ ಹಿಚ್ ಅನ್ನುವ ಗಂಟು ಕಟ್ಟಿ. ಒಂದೇ ದಪ್ಪದ ಹಗ್ಗದಲ್ಲೂ ಅದು ಹಿಡಿಯುತ್ತದೆ. ನಾಲ್ಕು ಸುತ್ತು ಕೆಳಗಿನಿಂದ ಮೇಲಕ್ಕೆ, ಆಮೇಲೆ ಬಾಲವನ್ನು ಕೆಳಗೆ ತಂದು, ಭಾರ ಹೊರುವ ಎಳೆಯ ಮುಂದಿನಿಂದ ದಾಟಿಸಿ, ಮುಖ್ಯ ಹಗ್ಗದ ಹಿಂದಿನಿಂದ ಕೆಳಗಿನ ಎರಡು ಸುತ್ತಿನ ಒಳಗೆ ತೂರಿಸಿ ಹೊರಗೆ ತೆಗೆಯಬೇಕು. ಬಾಲವನ್ನು ತಪ್ಪು ದಾರಿಯಲ್ಲಿ ತೂರಿಸಿದರೆ ನೋಡಲು ಅದೇ ಥರ ಇರುತ್ತದೆ, ಭಾರ ಬಿದ್ದರೆ ಉರುಳಿಹೋಗುತ್ತದೆ. ಬಾಲದ ತುದಿಗೆ ಎಂಟರ ಆಕಾರದ ಗಂಟು ಹಾಕದೆ ಬಿಡಬೇಡಿ.

ದಪ್ಪವೂ ಸರಿ ಇದ್ದರೆ ಹಗ್ಗದ ಜಾತಿ ನೋಡಿ. ನಮ್ಮ ಕಡೆ ಹಾರ್ಡ್‌ವೇರ್ ಅಂಗಡಿಯಲ್ಲಿ "ನೈಲಾನ್ ಹಗ್ಗ" ಅಂತ ಕೇಳಿದರೆ ಕೊಡುವ ನೀಲಿ, ಹಳದಿ ಹಗ್ಗದಲ್ಲಿ ಎಷ್ಟೋ ಸಲ ನೈಲಾನ್ ಇರುವುದೇ ಇಲ್ಲ. ಅದು ಪಾಲಿಪ್ರೊಪಿಲೀನ್. ಪತ್ತೆ ಮಾಡುವುದು ಸುಲಭ. ಒಂದು ತುಂಡು ಕತ್ತರಿಸಿ ನೀರಿನ ಬಕೆಟ್‌ಗೆ ಹಾಕಿ, ಗಾಳಿಗುಳ್ಳೆ ಹೋಗುವ ಹಾಗೆ ಕೈಯಲ್ಲಿ ಹಿಸುಕಿ ಬಿಡಿ. ತೇಲಿದರೆ ನೈಲಾನ್ ಅಲ್ಲ, ಹೆಚ್ಚಾಗಿ ಪಾಲಿಪ್ರೊಪಿಲೀನ್. ನೈಲಾನ್ ಮುಳುಗುತ್ತದೆ, ಪಾಲಿಯೆಸ್ಟರ್ ಇನ್ನೂ ಬೇಗ ಮುಳುಗುತ್ತದೆ. ತೇಲುವ ಹಗ್ಗ ಹುಲ್ಲಿನ ಹೊರೆ ಕಟ್ಟಲು ಚೆನ್ನ, ಗಂಟಿಗೆ ಆಗುವುದಿಲ್ಲ. ನುಣುಪು, ಪೆಡಸು. 165 ಡಿಗ್ರಿ ಸೆಲ್ಸಿಯಸ್ ಹತ್ತಿರ ಕರಗುತ್ತದೆ, ಗಂಟು ಒಂದು ಅಡಿ ಜೋರಾಗಿ ಜಾರಿದರೆ ಬಿಸಿಗೆ ಎಳೆ ಅಂಟಿಕೊಂಡು ಹೊಳೆಯಲು ಶುರುವಾಗುತ್ತದೆ. ನೈಲಾನ್, ಪಾಲಿಯೆಸ್ಟರ್ ಕರಗಲು 220 ದಾಟಬೇಕು.

ಪೆಡಸನ್ನು ಕೈಯಲ್ಲೇ ಅಳೆಯಬಹುದು. ಹಗ್ಗವನ್ನು ಮಡಚಿ ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಹಿಡಿಯಿರಿ. ಮಡಿಕೆಯ ತಲೆಯಲ್ಲಿ ಒಂದು ಕಣ್ಣು ಉಳಿಯುತ್ತದೆ ಅಲ್ವಾ, ಅದು ಹಗ್ಗದ ದಪ್ಪಕ್ಕಿಂತ ಸಣ್ಣದಿದ್ದರೆ ಹಿಡಿಗಂಟಿಗೆ ಆಗುತ್ತದೆ. ದೊಡ್ಡದಿದ್ದರೆ ಆ ಹಗ್ಗ ಸುತ್ತಿಕೊಳ್ಳುವುದಿಲ್ಲ, ಬಳೆಯ ಥರ ನಿಂತುಕೊಳ್ಳುತ್ತದೆ.

ಹಗ್ಗ ಒದ್ದೆಯಿದ್ದರೆ ಇನ್ನೊಂದು ಸುತ್ತು ಜಾಸ್ತಿ ಹಾಕಿ, ಮತ್ತೆ ಗೆರೆ ಪರೀಕ್ಷೆ ಮಾಡಿ. ಮಲೆನಾಡಿನಲ್ಲಿ ಬೆಳಗ್ಗೆ ಇಬ್ಬನಿಯಲ್ಲಿ ಬಿಟ್ಟ ಹಗ್ಗ, ಪಾಚಿ ಹಿಡಿದ ಕೊಂಬೆಯ ಮೇಲೆ ಎಳೆದ ಹಗ್ಗ, ಇವೆಲ್ಲ ಹಿಂದಿನ ದಿನದ ಹಗ್ಗ ಅಲ್ಲ. ಆ ಮೂರು ಸುತ್ತು ನಿನ್ನೆ ಸಾಕಾಗಿತ್ತು ಅನ್ನುವುದು ಇವತ್ತಿಗೆ ಲೆಕ್ಕಕ್ಕಿಲ್ಲ.

ಅಳತೆಗಂಟಿನ ಬಾಲದ ಗೆರೆ ಒಳಗೆ ಹೋಗಿದ್ದರೆ

ನಮಗೆ ಆಗಿದ್ದು ಇದು. ಸ್ವಲ್ಪ ಸಾವಧಾನವಾಗಿ ಹೇಳುತ್ತೇನೆ, ಯಾಕೆಂದರೆ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಗಂಟು ಹಿಡಿಯುವುದು ಒತ್ತಡದಿಂದ. ಭಾರ ಬಿದ್ದಾಗ ಸುತ್ತುಗಳು ಒಂದನ್ನೊಂದು ಅಮುಕುತ್ತವೆ. ಭಾರ ತೆಗೆದ ತಕ್ಷಣ ಅಮುಕುವವರು ಯಾರೂ ಇಲ್ಲ. ಹಗ್ಗಕ್ಕೆ ತನ್ನದೇ ಒಂದು ಸೆಡವು ಇರುತ್ತದೆ, ಬಗ್ಗಿಸಿದ್ದು ನೆಟ್ಟಗಾಗಲು ನೋಡುತ್ತದೆ. ಹಾಗಾಗಿ ಸುತ್ತು ಒಂದು ಕೂದಲಷ್ಟು ಬಿಚ್ಚಿಕೊಳ್ಳುತ್ತದೆ. ನೀವು ಕಾಲು ಎತ್ತಿದಾಗ ಕುಣಿಕೆ ಒದರಾಡುತ್ತದೆ, ಇನ್ನೊಂದು ಕೂದಲಷ್ಟು. ಮತ್ತೆ ನಿಂತಾಗ ಗಂಟು ಹಿಡಿಯುವ ಮುಂಚೆ ಸ್ವಲ್ಪ ಜಾರಿ, ಆಮೇಲೆ ಹಿಡಿಯುತ್ತದೆ. ಹಿಡಿಯಿತಲ್ಲ ಅಂತ ನಿಮಗೆ ಸಮಾಧಾನ. ಒಂದು ಹೆಜ್ಜೆಗೆ 4 ಮಿ.ಮೀ. ಅಂತ ಇಟ್ಟುಕೊಳ್ಳಿ. ಅರವತ್ತು ಅಡಿ ಹತ್ತಲು ಅರವತ್ತು ಹೆಜ್ಜೆ. 240 ಮಿ.ಮೀ. ಅಲ್ಲಿಗೆ ನನ್ನ ಆ ಒಂದು ಗೇಣು ಎಲ್ಲಿಂದ ಬಂತು ಅಂತ ಗೊತ್ತಾಯಿತು.

8 ಮಿ.ಮೀ.ನ ಒಳ್ಳೆಯ ಪರ್ವತಾರೋಹಣದ ಸಣ್ಣ ಹಗ್ಗ ಯುರೋಪಿನ ಮಾನದಂಡದ ಪ್ರಕಾರ 12.8 ಕಿಲೋನ್ಯೂಟನ್, ಅಂದರೆ ಸುಮಾರು 1300 ಕೆಜಿ ತಡೆಯಬೇಕು. ಗಂಟು ಹಾಕಿದ್ದರಿಂದ ಮೂರನೇ ಒಂದು ಭಾಗ ಬಲ ಹೋಯಿತು ಅಂದರೂ ನನ್ನಂಥವರು ಹತ್ತು ಜನ ನಿಲ್ಲಬಹುದು. ಹಾಗಾಗಿ ಅಂಗಡಿಯಲ್ಲಿ "ಇನ್ನೂ ಗಟ್ಟಿ ಹಗ್ಗ ಕೊಡಿ" ಅಂತ ಕೇಳಿ ಪ್ರಯೋಜನ ಇಲ್ಲ. ಕಾಲುಕುಣಿಕೆಯನ್ನು ಕೆಡಿಸುವುದು ಭಾರ ಅಲ್ಲ. ಎರಡು ಹೆಜ್ಜೆ ನಡುವೆ ಭಾರ ಇಲ್ಲದ ಹೊತ್ತು.

ಭಾವ ಕಟ್ಟಿದ್ದು ಟಾಟ್‌ಲೈನ್. ಟೆಂಟಿನ ಹಗ್ಗ ಬಿಗಿ ಮಾಡಲು ಎಲ್ಲರಿಗೂ ಕಲಿಸುವ ಗಂಟು. ಬಾಲವನ್ನು ಕುಣಿಕೆಯ ಒಳಭಾಗದಲ್ಲಿ ಹಗ್ಗಕ್ಕೆ ಎರಡು ಸುತ್ತು, ಆಮೇಲೆ ಹೊರಭಾಗದಲ್ಲಿ ಅದೇ ದಿಕ್ಕಿಗೆ ಇನ್ನೊಂದು ಸುತ್ತು ಹಾಕಿ ಒಳಗೆ ತೂರಿಸುವುದು. ಟೆಂಟಿನ ಹಗ್ಗ ಹಗಲಿರುಳು ಬಿಗಿಯಾಗೇ ಇರುತ್ತದೆ, ಅಲ್ಲಿ ಅದು ರಾಜ. ಕಾಲಿನಲ್ಲಿ ಕ್ಷಣಕ್ಕೊಂದು ಸಲ ಸಡಿಲ. ಅದರ ಮೇಲೆ ನಮ್ಮದು ಅಂಗಡಿಯ ನೀಲಿ ಹಗ್ಗ. ಬಕೆಟ್‌ನಲ್ಲಿ ತೇಲಿತು, ಹೇಳಬೇಕಾಗಿಲ್ಲ.

ನಿಮ್ಮದೂ ಟಾಟ್‌ಲೈನ್ ಆಗಿದ್ದರೆ ಬಿಸಾಡುವ ಮುಂಚೆ ಇಷ್ಟು ನೋಡಿ. ಒಳಗಿನ ಎರಡು ಸುತ್ತು ಒಂದಕ್ಕೊಂದು ತಾಗಿಕೊಂಡಿವೆಯಾ? ನಡುವೆ ಜಾಗ ಇದ್ದರೆ ಹಿಡಿತ ಇಲ್ಲ. ಹೊರಗಿನ ಮೂರನೇ ಸುತ್ತು ಅದೇ ದಿಕ್ಕಿಗೆ ಇದೆಯಾ? ಭಾವನದ್ದು ಉಲ್ಟಾ ಇತ್ತು. ಹಾಗೆ ಹಾಕಿದರೂ ಗಂಟು ನಿಲ್ಲುತ್ತದೆ, ಆದರೆ ಕಲಿಸುವ ಬಗೆ ಅದಲ್ಲ. ಎರಡನೇ ಸುತ್ತನ್ನು ಮೊದಲನೆಯದರ ಪಕ್ಕ ಇಡುವ ಬದಲು ಅದರ ಮೇಲೆ ಹತ್ತಿಸಿ ಅಮುಕುವ ಹಾಗೆ ಹಾಕಿದರೆ ಮಿಡ್‌ಶಿಪ್‌ಮನ್ಸ್ ಹಿಚ್ ಆಗುತ್ತದೆ, ಸಡಿಲವಾಗಿದ್ದಾಗಲೂ ಆ ಅಮುಕು ಸ್ವಲ್ಪ ಉಳಿದುಕೊಳ್ಳುತ್ತದೆ. ಬಾಲದಿಂದ ಒಂದು ಅರ್ಧಗಂಟು ಹಾಕಿ ಬೀಗ ಹಾಕಿದರೆ ಇನ್ನೂ ವಾಸಿ, ಆದರೆ ಆಗ ಮರದ ಮೇಲೆ ಅಳತೆ ಬದಲಿಸಲು ಎರಡೂ ಕೈ ಬೇಕು.

ನಾನಂತೂ ಅಳತೆಗೆ ಟಾಟ್‌ಲೈನ್ ಬಿಟ್ಟುಬಿಟ್ಟೆ. ಈಗ ಹಿಡಿಗಂಟಿನ ಬಳೆಗೆ ಬೀಗ ಇರುವ ಒಂದು ಕ್ಯಾರಬಿನರ್ (ಬಾಯಿ ತೆರೆದು ಮುಚ್ಚುವ ಲೋಹದ ಕೊಂಡಿ), ಅದಕ್ಕೆ ಕಾಲುಕುಣಿಕೆಯ ಹಗ್ಗದಿಂದ ಕ್ಲೋವ್ ಹಿಚ್. ಎರಡು ಸುತ್ತು, ನಡುವೆ ಒಂದು ಅಡ್ಡ ಎಳೆ, ಅಷ್ಟೇ. ಅಡ್ಡ ಎಳೆ ಎರಡೂ ಸುತ್ತನ್ನು ಕಬ್ಬಿಣಕ್ಕೆ ಒತ್ತಿಟ್ಟಿರುತ್ತದೆ. ಉದ್ದ ಬದಲಿಸಬೇಕಾದರೆ ಒಂದು ಕಡೆಯಿಂದ ಹಗ್ಗ ತಳ್ಳಿ ಇನ್ನೊಂದು ಕಡೆಯಿಂದ ಎಳೆದರೆ ಆಯಿತು, ಬಿಚ್ಚಬೇಕಾಗಿಲ್ಲ. ಬಾಲ ಒಂದು ಅಡಿಯಾದರೂ ಇರಲಿ, ತುದಿಗೆ ಗಂಟಿರಲಿ. ಇದೂ ನುಣುಪು ಹಗ್ಗದಲ್ಲಿ ತೆವಳುತ್ತದೆ. ಮೊದಲ ಎರಡು ಮೂರು ಹೆಜ್ಜೆಯಲ್ಲಿ ಒಂದು ಬೆರಳಗಲ ಕಚ್ಚಿಕೊಳ್ಳುವುದು ಸಹಜ, ಆಮೇಲೂ ಗೆರೆ ಕದಲುತ್ತಿದ್ದರೆ ಹಗ್ಗ ಬದಲಿಸಿ.

ಅಳತೆಗಂಟು ಎಲ್ಲಿ ಕೂತಿದೆ ಅನ್ನುವುದೂ ಮುಖ್ಯ. ಭಾವ ಅದನ್ನು ಪಾದದ ಹತ್ತಿರ ಕಟ್ಟಿದ್ದರು, ಬಗ್ಗಿದರೆ ಸಿಗಲಿ ಅಂತ. ಬೂಟು ಪ್ರತಿ ಹೆಜ್ಜೆಗೆ ಅದನ್ನು ಒದೆಯುತ್ತಿತ್ತು. ಪಕ್ಕದ ಸಿಲ್ವರ್ ಓಕಿನಲ್ಲಿ ಹತ್ತಿದಾಗ ಬಾಲ ಮೆಣಸಿನ ಬಳ್ಳಿಗೆ ಸಿಕ್ಕಿ ಎಳೆದುಕೊಂಡಿತ್ತು ಕೂಡ. ಮೊಣಕಾಲಿಗಿಂತ ಮೇಲೆ, ಕೂತಾಗ ಕೈಗೆ ಸಿಗುವಲ್ಲಿ ಇರಲಿ.

ಒಂದು ಪ್ರಶ್ನೆ ಕೇಳಿಕೊಳ್ಳಿ: ನಿಮಗೆ ನಿಜವಾಗಲೂ ಉದ್ದ ಬದಲಿಸಬೇಕಾ? ಒಂದು ಕುಣಿಕೆಯನ್ನು ಇಬ್ಬರು ಮೂವರು ಬಳಸುತ್ತಾರೆ ಅಂದರೆ ಬೇಕು. ನೀವೊಬ್ಬರೇ ಹತ್ತುವುದಾದರೆ ಒಂದು ವಾರ ಅಳತೆಗಂಟಿಟ್ಟು ನೋಡಿ, ಸರಿಯಾದ ಉದ್ದ ಸಿಕ್ಕಮೇಲೆ ಅಲ್ಲೇ ಎಂಟರ ಆಕಾರದ ಗಂಟಿನಿಂದ ಕಾಯಂ ಮಾಡಿಬಿಡಿ. ಜಾರುವ ಗಂಟೇ ಇಲ್ಲದಿದ್ದರೆ ಜಾರುವುದು ಎಲ್ಲಿಂದ.

ಯಾವ ಗೆರೆಯೂ ಕದಲಿಲ್ಲ, ಆದರೂ ಎತ್ತರ ಸಿಗುತ್ತಿಲ್ಲ

ಆಗ ಗಂಟನ್ನು ಬಿಡಿ, ಮುಖ್ಯ ಹಗ್ಗ ನೋಡಿ. ಅರವತ್ತು ಅಡಿ ಮೇಲಿನ ಕವಲಿನ ಮೇಲೆ ಹಾದು ಇನ್ನೊಂದು ತುದಿಯನ್ನು ಬುಡಕ್ಕೆ ಕಟ್ಟಿದ್ದರೆ ನಿಮ್ಮ ಭಾರಕ್ಕೆ ಹಿಗ್ಗುತ್ತಿರುವುದು ನೂರಿಪ್ಪತ್ತು ಅಡಿ ಹಗ್ಗ. ಕಡಿಮೆ ಹಿಗ್ಗುವ ಜಾತಿಯ ಹಗ್ಗವೇ ಆಗಲಿ, ಶೇ. 2.5ರಷ್ಟು ಹಿಗ್ಗಿದರೂ ಮೂರು ಅಡಿ ಆಯಿತು. ಮೊದಲ ಮೂರು ನಾಲ್ಕು ಹೆಜ್ಜೆ ಹಾಕಿದರೂ ನೆಲದಲ್ಲೇ ಇರುತ್ತೀರಿ. ಇದು ದೋಷ ಅಲ್ಲ, ಹತ್ತುತ್ತಾ ಹೋದಂತೆ ಕಡಿಮೆಯಾಗುತ್ತದೆ. ಹಾಗಾಗಿಯೇ ಗೆರೆ ಪರೀಕ್ಷೆಯನ್ನು ಮರದ ಹಗ್ಗದಲ್ಲಿ ಮಾಡುವುದಕ್ಕಿಂತ ಕೊಟ್ಟಿಗೆಯ ತೊಲೆಗೆ ಕಟ್ಟಿದ ಚಿಕ್ಕ ಹಗ್ಗದಲ್ಲಿ ಮಾಡಿದರೆ ಉತ್ತರ ಬೇಗ ಸಿಗುತ್ತದೆ. ತೊಲೆ ಗೆದ್ದಲು ಹಿಡಿದದ್ದಲ್ಲ ಅಂತ ನೋಡಿಕೊಳ್ಳಿ.

ಜಾರುತ್ತಿಲ್ಲ, ಮೇಲೆ ಸರಿಯುತ್ತಲೇ ಇಲ್ಲ

ಉಲ್ಟಾ ಕಷ್ಟ. ಹಿಡಿಗಂಟನ್ನು ಮೇಲೆ ತಳ್ಳಿದರೆ ಮುಖ್ಯ ಹಗ್ಗವೂ ಜೊತೆಗೇ ಮೇಲೆ ಬರುತ್ತದೆ ಅಂದರೆ ಗಂಟಿನ ತಪ್ಪಲ್ಲ. ಕೆಳಗೆ ಹಗ್ಗದ ತೂಕ ಇಲ್ಲ. 11 ಮಿ.ಮೀ. ಹಗ್ಗ ಮೀಟರಿಗೆ 75ರಿಂದ 80 ಗ್ರಾಂ ತೂಗುತ್ತದೆ. ಹದಿನೈದು ಇಪ್ಪತ್ತು ಅಡಿ ಮೇಲೆ ಹೋದಮೇಲೆ ಅದರ ತೂಕವೇ ಸಾಕಾಗುತ್ತದೆ, ಅಲ್ಲಿಯ ತನಕ ತುದಿಗೆ ಐದು ಲೀಟರ್ ನೀರಿನ ಕ್ಯಾನ್ ಕಟ್ಟಿ, ಇಲ್ಲವೇ ಕೆಳಗೆ ಒಬ್ಬರು ಹಿಡಿದುಕೊಳ್ಳಲಿ.

ಹಗ್ಗ ಬಿಗಿಯಾಗಿದ್ದರೂ ಸರಿಯುತ್ತಿಲ್ಲ ಅಂದರೆ ಗಂಟನ್ನು ಮುರಿಯದೆ ತಳ್ಳುತ್ತಿದ್ದೀರಿ. ಪ್ರುಸಿಕ್‌ನ ನಡುವೆ ಸುತ್ತುಗಳ ಮೇಲೆ ಅಡ್ಡಲಾಗಿ ಕೂತಿರುವ ಎಳೆಯನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಒತ್ತಿ ಸಡಿಲ ಮಾಡಿ, ಆಮೇಲೆ ತಳ್ಳಿ. ಆಗಲೂ ಆಗದಿದ್ದರೆ ಹಗ್ಗ ತೀರಾ ತೆಳ್ಳಗಿದೆ ಅಥವಾ ಸುತ್ತು ಜಾಸ್ತಿಯಾಗಿದೆ.

ಇಲ್ಲೇ ಒಂದು ಅಪಾಯದ ವಿಷಯ. ಹಿಡಿಗಂಟನ್ನು ಮೇಲಿನಿಂದ ಮುಷ್ಟಿ ಕಟ್ಟಿ ಹಿಡಿಯಬೇಡಿ. ಜಾರಿದೆ ಅಂತ ಗಾಬರಿಯಾದಾಗ ಕೈ ಮೊದಲು ಹೋಗುವುದು ಅಲ್ಲಿಗೇ. ಗಂಟಿನ ತಲೆ ಮೇಲಿನ ಒತ್ತಡವೇ ಅದನ್ನು ಬಿಡಿಸುವ ದಾರಿ, ಹಿಡಿದಷ್ಟೂ ಜಾರುತ್ತದೆ. ಕಾಲುಕುಣಿಕೆಯ ಗಂಟಲ್ಲಿ ಇದರಿಂದ ಕಾಲು ಕುಸಿಯುತ್ತದೆ ಅಷ್ಟೇ, ಸೊಂಟದ ಗಂಟಲ್ಲಿ ಮನುಷ್ಯನೇ ಕುಸಿಯುತ್ತಾನೆ. ಅದಕ್ಕೇ ಹತ್ತಿಪ್ಪತ್ತು ಅಡಿಗೊಮ್ಮೆ ಗಂಟುಗಳ ಕೆಳಗೆ ಮುಖ್ಯ ಹಗ್ಗದಲ್ಲೇ ಒಂದು ದೊಡ್ಡ ಗಂಟು ಹಾಕಿ ಪಟ್ಟಿಗೆ ಸಿಕ್ಕಿಸಿಕೊಳ್ಳುವುದು.

ಪಾದದ ಗಂಟಿನ ಗೆರೆ ಹೋಗಿದ್ದರೆ, ಅಥವಾ ಕಾಲು ಜೋಮು ಹಿಡಿದರೆ

ಪಾದಕ್ಕೆ ಬೋಲೈನ್ ಹಾಕಿ. ಬಿಗಿಯಾಗದ ಕುಣಿಕೆ, ಎಷ್ಟು ಭಾರ ಬಿದ್ದಮೇಲೂ ಬಿಚ್ಚಲು ಬರುತ್ತದೆ. ಆದರೆ ಇದಕ್ಕೂ ಅದೇ ಕಾಯಿಲೆ ಇದೆ, ಸಡಿಲವಾಗಿ ಅಲ್ಲಾಡಿದರೆ ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ಬಾಲವನ್ನು ಕುಣಿಕೆಯ ಪಕ್ಕದ ಎಳೆಗೆ ಎರಡು ಸುತ್ತು ಸುತ್ತಿ ಗಂಟು ಹಾಕಿಬಿಡಿ.

ಕಾಲು ಜೋಮು ಹಿಡಿಯುತ್ತದೆ ಅನ್ನುವವರ ಕುಣಿಕೆ ನೋಡಿದರೆ ಹೆಚ್ಚಾಗಿ ಜೀರುಕುಣಿಕೆ ಇರುತ್ತದೆ. ನಿಂತಷ್ಟೂ ಪಾದವನ್ನು ಹಿಂಡುತ್ತದೆ. ಕಾಲು ತಪ್ಪದಿರಲಿ ಅಂತ ಹಾಕಿರುತ್ತಾರೆ, ಪಾಪ. ಅದರ ಬದಲು ಬೋಲೈನ್ ಕುಣಿಕೆಯ ತಳಕ್ಕೆ ಗಿಡಕ್ಕೆ ನೀರು ಹಾಯಿಸುವ ಪೈಪಿನ ಒಂದು ಗೇಣು ತುಂಡು ತೂರಿಸಿ. ಕುಣಿಕೆ ಬಾಯಿ ತೆರೆದೇ ಇರುತ್ತದೆ, ಕಾಲು ತಾನೇ ಹೋಗಿ ಕೂರುತ್ತದೆ, ಭಾರ ಅಗಲಕ್ಕೆ ಹಂಚಿಕೊಳ್ಳುತ್ತದೆ. ಕಾಲು ಎತ್ತುವಾಗ ಕುಣಿಕೆ ಕಳಚಿ ಬೀಳುತ್ತಿದ್ದರೆ ಹಳೆ ಸೈಕಲ್ ಟ್ಯೂಬಿನ ಪಟ್ಟಿಯನ್ನು ಹಿಮ್ಮಡಿಯ ಹಿಂದಿನಿಂದ ಹಾಕಿಕೊಳ್ಳಿ.

ಗಂಟೆಲ್ಲ ಸರಿ, ಸುಸ್ತು ಮಾತ್ರ ಜಾಸ್ತಿ

ಉದ್ದವೇ ತಪ್ಪಿರಬಹುದು. ಪಟ್ಟಿಯಲ್ಲಿ ಕೂತು, ಕೆಳಗಿನ ಹಿಡಿಗಂಟನ್ನು ಮೇಲಿನದಕ್ಕೆ ತಾಗುವಷ್ಟು ಸರಿಸಿ. ಆಗ ತೊಡೆ ನೆಲಕ್ಕೆ ಸಮನಾಗಿ ಅಥವಾ ಅದಕ್ಕಿಂತ ಸ್ವಲ್ಪ ಮೇಲೆ ಇರಬೇಕು. ಮೊಣಕಾಲು ಎದೆಗೆ ಬರುತ್ತಿದ್ದರೆ ಕುಣಿಕೆ ಗಿಡ್ಡ, ಏಳಲು ಶಕ್ತಿಯೇ ಸಾಲದು. ಕಾಲು ಹೆಚ್ಚು ಮಡಚದೆ ಗಂಟು ಗಂಟಿಗೆ ತಾಗಿದರೆ ಉದ್ದ, ಹೆಜ್ಜೆಗೆ ನಾಲ್ಕು ಬೆರಳು ಮಾತ್ರ ಸಿಗುತ್ತದೆ. ಸರಿಯಿದ್ದರೆ ಒಂದು ಅಡಿಯಿಂದ ಒಂದೂವರೆ ಅಡಿ ಸಿಗುತ್ತದೆ. ಎದ್ದು ನಿಲ್ಲುವಾಗ ಬೆನ್ನು ಹಿಂದಕ್ಕೆ ವಾಲುತ್ತಿದ್ದರೆ ಪಾದವನ್ನು ಮುಂದೆ ತಳ್ಳುತ್ತಿದ್ದೀರಿ, ಕುಂಡೆಯ ಕೆಳಗೆ ಎಳೆದುಕೊಂಡು ಏಳಿ. ಅದಕ್ಕೆ ಗಂಟು ಬದಲಿಸಿ ಏನೂ ಆಗುವುದಿಲ್ಲ.

ಹಗ್ಗವೇ ಮುಗಿದಿದ್ದರೆ

ಹಿಡಿಗಂಟಿನ ಜಾಗದಲ್ಲಿ ಹಗ್ಗ ಗಾಜಿನಂತೆ ಹೊಳೆಯುತ್ತಿದ್ದರೆ, ಅಲ್ಲಿ ಬೆರಳಿಟ್ಟರೆ ಕಡ್ಡಿಯ ಹಾಗೆ ಗಟ್ಟಿಯಿದ್ದರೆ, ಅದು ಒಮ್ಮೆ ಜೋರಾಗಿ ಜಾರಿ ಕರಗಿದೆ. ಬರೀ ಹತ್ತುವಾಗ ಇದು ಆಗಬಾರದು, ಯಾಕೆಂದರೆ ಕಾಲಿನ ಗಂಟನ್ನು ಭಾರ ತೆಗೆದೇ ಸರಿಸುತ್ತೇವೆ. ಹೊಳೆಯುತ್ತಿದೆ ಅಂದರೆ ಯಾರೋ ಅದೇ ಬಳೆಯಲ್ಲಿ ಜಾರಿಕೊಂಡು ಇಳಿದಿದ್ದಾರೆ. ನಮ್ಮ ಮನೆಯಲ್ಲಿ ಯಾರು ಅಂತ ಕೇಳಿದರೆ ಯಾರೂ ಒಪ್ಪಲಿಲ್ಲ. ಅಂಥ ಬಳೆಯನ್ನು ತುಂಡು ತುಂಡು ಮಾಡಿ, ಸುಮ್ಮನೆ ಮೂಲೆಗೆ ಹಾಕಿದರೆ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ.

ಹಗ್ಗವನ್ನು ಔಷಧಿ ಹೊಡೆಯುವ ಸಾಮಾನಿನ ಜೊತೆ ಇಡಬೇಡಿ. ಬೋರ್ಡೋ ದ್ರಾವಣಕ್ಕೆ ತಂದ ಸುಣ್ಣ ಪಾಲಿಯೆಸ್ಟರಿಗೆ ಒಳ್ಳೆಯದಲ್ಲ, ಜೀಪಿನ ಬ್ಯಾಟರಿ ನೀರು ನೈಲಾನನ್ನು ತಿನ್ನುತ್ತದೆ. ನಮ್ಮ ಹಗ್ಗ ಎರಡು ವರ್ಷ ಮೈಲುತುತ್ತದ ಚೀಲದ ಮೇಲೆಯೇ ಮಲಗಿತ್ತು. ಈಗ ಅಟ್ಟದಲ್ಲಿದೆ.

ಭಾವ ಇವತ್ತಿಗೂ ಟಾಟ್‌ಲೈನ್ ಬಿಟ್ಟಿಲ್ಲ. ನೀಲಿ ಹಗ್ಗ ಬಿಟ್ಟರು, ಮೂರನೇ ಸುತ್ತನ್ನು ಸರಿ ದಿಕ್ಕಿಗೆ ಹಾಕುತ್ತಾರೆ, ಬಾಲಕ್ಕೆ ಅರ್ಧಗಂಟಿನ ಬೀಗವೂ ಬಂತು. ಹೋದ ವಾರ ಅವರ ಕುಣಿಕೆಗೆ ಗೊತ್ತಾಗದ ಹಾಗೆ ಕೆಂಪು ಗೆರೆ ಎಳೆದಿಟ್ಟಿದ್ದೆ. ಸಂಜೆ ಇಳಿದು ಬಂದಮೇಲೆ ನೋಡಿದೆ, ಗೆರೆ ಇದ್ದಲ್ಲೇ ಇತ್ತು. ಹಾಗಾಗಿ ಸದ್ಯಕ್ಕೆ ನಾನು ಏನೂ ಹೇಳುತ್ತಿಲ್ಲ.